ಪೊಟ್ಟಣದ ಹಿಂಬದಿಯನ್ನು ನಮ್ಮ ಓಣಿಯ ಜನ ಎಷ್ಟು ಓದಬಲ್ಲರು? ತಿಳಿದುಕೊಳ್ಳುವ ಕ್ರಮ

ಪೊಟ್ಟಣದ ಆಹಾರದ ಮೇಲೆ ಅಚ್ಚಾಗಿರುವ ಪೌಷ್ಟಿಕಾಂಶ ಪಟ್ಟಿಯನ್ನು ಓದುತ್ತೀರಾ ಎಂದು ಕೇಳಿದರೆ ಬಹಳಷ್ಟು ಜನ ಹೌದು ಎನ್ನುತ್ತಾರೆ. ಅದೇ ವ್ಯಕ್ತಿಯ ಕೈಗೆ ಒಂದು ಚೂಡಾ ಪಾಕೀಟನ್ನು ಕೊಟ್ಟು, ಇದರಲ್ಲಿ ಉಪ್ಪಿನ ಪ್ರಮಾಣ ಎಲ್ಲಿ ಬರೆದಿದೆ ತೋರಿಸಿ ಎಂದರೆ ಬೆರಳು ಬೆಲೆಯ ಮೇಲೋ ತಯಾರಿಕೆಯ ದಿನಾಂಕದ ಮೇಲೋ ಹೋಗಿ ನಿಲ್ಲುವುದು ಸಾಮಾನ್ಯ. ಓದುತ್ತೇನೆ ಎಂಬ ಮಾತಿಗೂ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿಗೂ ನಡುವೆ ಇರುವ ಈ ಅಂತರವನ್ನು ಅಳೆಯದೆ ಜಾಗೃತಿ ಕಾರ್ಯಕ್ರಮ ನಡೆಸಿದರೆ, ಗೊತ್ತಿದ್ದವರಿಗೆ ಗೊತ್ತಿದ್ದುದನ್ನೇ ಹೇಳಿ ಬಂದಂತಾಗುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಸ್ವಸಹಾಯ ಸಂಘದ ಸದಸ್ಯೆಯರು, ಪ್ರೌಢಶಾಲೆಯ ಶಿಕ್ಷಕರು ಮತ್ತು ಪದವಿ ವಿದ್ಯಾರ್ಥಿಗಳು ತಮ್ಮ ಓಣಿಯ ಮಟ್ಟದಲ್ಲಿ ಇಂಥ ಒಂದು ಪರಿಶೀಲನೆಯನ್ನು ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ. ಇದಕ್ಕೆ ಹಣ ಹೆಚ್ಚು ಬೇಡ. ಆರೇಳು ಪಾಕೀಟುಗಳು, ಒಂದು ಭೂತಗನ್ನಡಿ, ಒಂದು ನೋಟುಪುಸ್ತಕ ಮತ್ತು ಕೇಳಿಸಿಕೊಳ್ಳುವ ತಾಳ್ಮೆ ಇದ್ದರೆ ಸಾಕು.

ಕೇಳಲು ಹೋಗುವವರು ಮೊದಲು ತಾವು ಓದಿರಬೇಕು

ಪಟ್ಟಿಯಲ್ಲಿ ಏನಿರಬೇಕು ಎಂಬುದನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರ ಲೇಬಲ್ ಮತ್ತು ಪ್ರದರ್ಶನ ನಿಯಮಗಳಲ್ಲಿ ನಿಗದಿ ಮಾಡಿದೆ. ಶಕ್ತಿ, ಪ್ರೋಟೀನ್, ಕಾರ್ಬೋಹೈಡ್ರೇಟ್, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಒಟ್ಟು ಕೊಬ್ಬು, ಸ್ಯಾಚುರೇಟೆಡ್ ಕೊಬ್ಬು (ತುಪ್ಪದಂತೆ ಗಟ್ಟಿಯಾಗುವ ಬಗೆ), ಟ್ರಾನ್ಸ್ ಕೊಬ್ಬು (ಎಣ್ಣೆಯನ್ನು ವನಸ್ಪತಿಯಂತೆ ಗಟ್ಟಿ ಮಾಡುವಾಗ ಹುಟ್ಟುವ ಬಗೆ), ಕೊಲೆಸ್ಟ್ರಾಲ್ ಮತ್ತು ಸೋಡಿಯಂ (ಉಪ್ಪಿನಲ್ಲಿರುವ ಅಂಶ) ಇವುಗಳ ಪ್ರಮಾಣವನ್ನು 100 ಗ್ರಾಂ ಅಥವಾ 100 ಮಿಲಿಲೀಟರಿಗೆ ಲೆಕ್ಕ ಹಾಕಿ, ಇಲ್ಲವೇ ಒಮ್ಮೆಗೇ ತಿಂದು ಮುಗಿಸುವ ಪಾಕೀಟಾಗಿದ್ದರೆ ಇಡೀ ಪಾಕೀಟಿಗೆ ಲೆಕ್ಕ ಹಾಕಿ ಮುದ್ರಿಸಬೇಕು. ಇದರ ಜೊತೆಗೆ ಒಂದು ಸಲಕ್ಕೆ ತಿನ್ನುವ ಪ್ರಮಾಣವು, ಅಂದರೆ ಸರ್ವಿಂಗ್, ದಿನದ ಅಗತ್ಯದಲ್ಲಿ ಶೇಕಡಾ ಎಷ್ಟಾಗುತ್ತದೆ ಎಂಬುದನ್ನೂ ಹೇಳಬೇಕು. ಈ ಶೇಕಡಾವಾರು ಲೆಕ್ಕದ ಹಿಂದೆ ಇರುವುದು ಒಬ್ಬ ವಯಸ್ಕರ ದಿನದ ಅಳತೆ: 2,000 ಕಿಲೋಕ್ಯಾಲರಿ ಶಕ್ತಿ, 67 ಗ್ರಾಂ ಒಟ್ಟು ಕೊಬ್ಬು, 22 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, 2 ಗ್ರಾಂ ಟ್ರಾನ್ಸ್ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ ಮತ್ತು 2,000 ಮಿಲಿಗ್ರಾಂ ಸೋಡಿಯಂ. ಈ ಆರು ಅಂಕಿಗಳನ್ನು ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಎಲ್ಲ ಲೆಕ್ಕಗಳಿಗೂ ಇವೇ ಆಧಾರ. ಮಕ್ಕಳಿಗೆ ಈ ಅಳತೆ ಹೊಂದುವುದಿಲ್ಲ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಬೇಕಾಗುವ ಶಕ್ತಿ ಸುಮಾರು 1,360 ಕಿಲೋಕ್ಯಾಲರಿ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಆದ್ದರಿಂದ ಮಗುವಿನ ಕೈಯಲ್ಲಿರುವ ಪಾಕೀಟಿನ ಶೇಕಡಾವಾರು ಅಂಕಿ ಆ ಮಗುವಿನ ಪಾಲಿಗೆ ನಿಜಕ್ಕಿಂತ ಕಡಿಮೆಯಾಗಿಯೇ ಕಾಣುತ್ತದೆ.

ಉಪ್ಪು ಎಂಬ ಹೆಸರು ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಸೋಡಿಯಂ ಇರುತ್ತದೆ. ಸೋಡಿಯಂ ಪ್ರಮಾಣವನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 2,000 ಮಿಲಿಗ್ರಾಂ ಸೋಡಿಯಂ ಎಂದರೆ 5 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನವಿಡೀ ಇದಕ್ಕಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಸಕ್ಕರೆಗೆ ಇಂಥ ಗುಣಾಕಾರ ಬೇಡ, ಆದರೆ 5 ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಚಹಾ ಚಮಚ ಎಂದು ತಿಳಿದಿದ್ದರೆ ಮಾತು ಬೇಗ ಮುಟ್ಟುತ್ತದೆ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಮೊದಲು ಬಂದದ್ದೇ ಹೆಚ್ಚು ಇರುವುದು. ಸಕ್ಕರೆಯು ಒಂದೇ ಹೆಸರಿನಲ್ಲಿ ಬಾರದೆ ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್ ಎಂದು ಹಂಚಿಹೋಗಿ, ಪ್ರತಿಯೊಂದೂ ಪಟ್ಟಿಯ ಕೆಳಗೆ ಸರಿದಿರಬಹುದು. ಅದಕ್ಕಾಗಿ ಪದಾರ್ಥಗಳ ಪಟ್ಟಿಯನ್ನೂ ಅಂಕಿಗಳ ಪಟ್ಟಿಯನ್ನೂ ಜೊತೆಯಾಗಿ ನೋಡುವ ರೂಢಿಯನ್ನು ನೀವು ಮೊದಲು ಮಾಡಿಕೊಳ್ಳಬೇಕು.

ಪಟ್ಟಿ ಇಲ್ಲದ ಪಾಕೀಟು ಸಿಕ್ಕರೆ ಕೂಡಲೇ ತಪ್ಪು ಎನ್ನಬೇಡಿ. ಒಂದೇ ಪದಾರ್ಥದ ಸಂಸ್ಕರಿಸದ ಧಾನ್ಯ ಮತ್ತು ಕಾಳು, ಅಡಿಗೆ ಉಪ್ಪು, ಚಹಾಪುಡಿ ಇಂಥವುಗಳಿಗೆ ವಿನಾಯಿತಿ ಇದೆ. ತೀರ ಚಿಕ್ಕ ಪಾಕೀಟುಗಳ ವಿವರವನ್ನು ಅವುಗಳನ್ನು ಜೋಡಿಸಿ ತರುವ ದೊಡ್ಡ ಪ್ಯಾಕಿನ ಮೇಲೆ ಮುದ್ರಿಸಿದರೂ ಸಾಕು. ಕಿರಾಣಿ ಅಂಗಡಿಯ ಮುಂದೆ ಮಾಲೆಯಾಗಿ ತೂಗಿಬಿಟ್ಟ ಪುಟ್ಟ ಪಾಕೀಟುಗಳನ್ನು ಹೆಚ್ಚಾಗಿ ಕೊಳ್ಳುವವರು ಮಕ್ಕಳು. ವಿವರ ಎಲ್ಲಕ್ಕಿಂತ ಹೆಚ್ಚು ಬೇಕಾದ ಜಾಗದಲ್ಲಿಯೇ ಅದು ಇಲ್ಲದಂತಾಗುವುದು ನನಗೆ ಈ ನಿಯಮದ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಪಾಕೀಟುಗಳನ್ನು ಆರಿಸುವುದು

ನಿಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ದಿನನಿತ್ಯ ಖರ್ಚಾಗುವ ಮಾಲನ್ನೇ ಆರಿಸಬೇಕು. ದೊಡ್ಡ ಮಾಲ್‌ಗಳಲ್ಲಿ ಮಾತ್ರ ಸಿಗುವ ಓಟ್ಸ್, ಮ್ಯೂಸ್ಲಿಗಳನ್ನು ಇಟ್ಟು ಕೇಳಿದರೆ ಉತ್ತರ ಬಾರದೆ ಇರುವುದಕ್ಕೆ ತಿಳಿವಳಿಕೆಯ ಕೊರತೆ ಕಾರಣವೋ ಪರಿಚಯವಿಲ್ಲದಿರುವುದು ಕಾರಣವೋ ಗೊತ್ತಾಗುವುದಿಲ್ಲ. ಚೂಡಾ ಅಥವಾ ಶೇವಿನ ಎರಡು ಪಾಕೀಟು, ಬಿಸ್ಕೀಟಿನ ಎರಡು, ಹಣ್ಣಿನ ಪಾನೀಯದ ಒಂದು, ನೂಡಲ್ಸಿನ ಒಂದು ಮತ್ತು ಅಡಿಗೆ ಎಣ್ಣೆಯ ಒಂದು ಪಾಕೀಟು ಇದ್ದರೆ ಸಾಕು. ಜೋಡಿ ಪಾಕೀಟುಗಳ ಸರ್ವಿಂಗ್ ಅಳತೆ ಬೇರೆ ಬೇರೆಯಾಗಿರುವಂತೆ ನೋಡಿಕೊಳ್ಳಿ. ಕಂಪನಿಯ ಹೆಸರು ಉತ್ತರದ ಮೇಲೆ ಪ್ರಭಾವ ಬೀರುವುದರಿಂದ ಮುಂಬದಿಗೆ ಕಾಗದ ಅಂಟಿಸಿ, ಅಲ್ಲಿ ಅ ಮತ್ತು ಬ ಎಂದು ಬರೆಯುವುದು ಒಳ್ಳೆಯದು. ಹೆಸರಿನ ಪ್ರಭಾವವನ್ನೇ ತಿಳಿಯಬೇಕೆಂದಿದ್ದರೆ ಕೊನೆಯಲ್ಲಿ ಕಾಗದ ತೆಗೆದು ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಬಹುದು.

ನಮ್ಮ ಭಾಗದ ಒಂದು ವಿಶೇಷವನ್ನು ಇಲ್ಲಿ ಮರೆಯುವಂತಿಲ್ಲ. ಸಂಜೆಯ ಗಿರ್ಮಿಟ್ ಮತ್ತು ಮಿರ್ಚಿ ಭಜಿ, ತೂಗಿ ಕಟ್ಟಿಕೊಡುವ ಫರಸಾಣ, ಧಾರವಾಡ ಪೇಢೆ, ಸವಣೂರ ಖಾರ ಇವು ಹೆಚ್ಚಾಗಿ ಪೌಷ್ಟಿಕಾಂಶ ಪಟ್ಟಿಯಿಲ್ಲದೆಯೇ ಮನೆಗೆ ಬರುತ್ತವೆ. ಪಟ್ಟಿ ಓದಲು ಕಲಿತ ಮನೆಯೂ ಉಪ್ಪು, ಎಣ್ಣೆ, ಸಕ್ಕರೆಯ ದೊಡ್ಡ ಪಾಲನ್ನು ಪಟ್ಟಿಯ ಹೊರಗಿನಿಂದಲೇ ಪಡೆಯುತ್ತಿರಬಹುದು. ಆದ್ದರಿಂದ ಕಳೆದ ಒಂದು ವಾರದಲ್ಲಿ ಮನೆಗೆ ತಂದ ತಿಂಡಿಗಳಲ್ಲಿ ಯಾವುವು ಪಾಕೀಟಿನವು, ಯಾವುವು ಬಿಡಿಯಾಗಿ ತಂದವು ಎಂಬುದನ್ನು ಪ್ರತಿ ಮನೆಯಲ್ಲೂ ಮೊದಲು ಬರೆದುಕೊಳ್ಳಿ. ಈ ಒಂದು ಸಾಲು ಇಲ್ಲದಿದ್ದರೆ ಪಟ್ಟಿಗೆ ಇರುವುದಕ್ಕಿಂತ ಹೆಚ್ಚಿನ ಮಹತ್ವವನ್ನು ನಾವೇ ಕೊಟ್ಟುಬಿಡುತ್ತೇವೆ.

ಯಾರನ್ನು, ಎಲ್ಲಿ ಕೇಳಬೇಕು

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ನಿಂತು ಬಂದವರನ್ನೆಲ್ಲ ಕೇಳುವುದು ಸುಲಭ, ಆದರೆ ಅಲ್ಲಿ ಗಡಿಬಿಡಿಯಲ್ಲಿರುವ ಜನರಿಂದ ಒಂದೆರಡು ಮಾತಿಗಿಂತ ಹೆಚ್ಚು ದೊರೆಯುವುದಿಲ್ಲ. ಮೇಲಾಗಿ ಪೇಟೆಗೆ ಬರುವವರ ವಯಸ್ಸು, ಓದು ಮತ್ತು ದುಡಿಮೆ ಓಣಿಯ ಜನರದಕ್ಕಿಂತ ಬೇರೆ ಇರಬಹುದು. ಒಂದು ಓಣಿಯನ್ನು ಆರಿಸಿಕೊಂಡು ಮನೆಯ ಸಾಲಿನಲ್ಲಿ ಪ್ರತಿ ಮೂರನೆಯ ಮನೆಗೆ ಹೋಗುವುದು ಹೆಚ್ಚು ನಂಬಿಕೆಗೆ ಅರ್ಹವಾದ ಕ್ರಮ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಹೋಗದೆ ಇನ್ನೊಂದು ದಿನ ಅದೇ ಮನೆಗೆ ಹೋಗಬೇಕು. ಹಗಲು ದುಡಿಯಲು ಹೋಗುವವರು ಬಿಟ್ಟುಹೋಗುವುದು ಇಲ್ಲಿಯೇ. ಮನೆಯಲ್ಲಿ ಅಡಿಗೆ ಮಾಡುವವರು, ಸಾಮಾನು ತರುವವರು, ತಿನ್ನುವವರು ಒಬ್ಬರೇ ಆಗಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಕಿರಾಣಿ ಚೀಟಿ ಬರೆಯುವವರು ತಾಯಿ, ಕೆಲಸದಿಂದ ಮರಳುವಾಗ ತರುವವರು ತಂದೆ, ಚಿಲ್ಲರೆ ಹಿಡಿದು ಅಂಗಡಿಗೆ ಓಡುವವರು ಮಕ್ಕಳು. ಯಾರು ಆರಿಸುತ್ತಾರೋ ಅವರನ್ನೇ ಕೇಳಿ, ಮತ್ತು ಯಾರನ್ನು ಕೇಳಿದಿರಿ ಎಂಬುದನ್ನು ಬರೆಯಿರಿ.

ಹೋದ ಕೂಡಲೇ ಬಂದ ಕಾರಣ ಹೇಳಿ, ಒಪ್ಪಿಗೆ ಕೇಳಿ. ಹೆಸರು, ಜಾತಿ, ಫೋನ್ ನಂಬರು ಬೇಡ. ಓದು ಬಾರದವರನ್ನು ಬಿಟ್ಟುಬಿಡಬಾರದು, ನಾಚುವಂತೆಯೂ ಮಾಡಬಾರದು. ಅವರ ಮನೆಯಲ್ಲಿ ಓದಿ ಹೇಳುವವರು ಯಾರು ಎಂದು ತಿಳಿದುಕೊಂಡರೆ ಅದೇ ಒಂದು ಮುಖ್ಯ ವಿಷಯವಾಗುತ್ತದೆ. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕೆಂದು ನಿಯಮವಿದ್ದು, ಕನ್ನಡವನ್ನು ಹೆಚ್ಚುವರಿಯಾಗಿ ಬಳಸಲು ಅಡ್ಡಿಯಿಲ್ಲದಿದ್ದರೂ ಕಡ್ಡಾಯವಿಲ್ಲ. ಕನ್ನಡ ಚೆನ್ನಾಗಿ ಓದಬಲ್ಲ ಹಿರಿಯರು ಪಾಕೀಟಿನ ಮುಂದೆ ಅನಕ್ಷರಸ್ಥರಂತೆ ಕೂರಬೇಕಾಗಿ ಬರುವುದು ಈ ಕಾರಣದಿಂದ. ಹಾಗಾಗಿ ಪ್ರತಿ ಮನೆಯಲ್ಲೂ ಪಟ್ಟಿಯನ್ನು ಎರಡು ರೂಪದಲ್ಲಿ ತೋರಿಸಿ: ಮೊದಲು ಪಾಕೀಟಿನ ಮೇಲೆ ಇದ್ದಂತೆಯೇ, ಆಮೇಲೆ ಅದನ್ನೇ ನೀವು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಹಾಳೆಯಲ್ಲಿ. ಎರಡನೆಯದರಲ್ಲಿ ಉತ್ತರ ಸರಿಯಾದರೆ ತೊಡಕು ಭಾಷೆಯದು ಅಥವಾ ಅಕ್ಷರದ ಗಾತ್ರದ್ದು. ಎರಡರಲ್ಲೂ ತಪ್ಪಾದರೆ ತೊಡಕು ಲೆಕ್ಕದ್ದು ಅಥವಾ ವಿಷಯದ್ದು. ಅಕ್ಷರದ ಗಾತ್ರವನ್ನು ಬೇರ್ಪಡಿಸಲು ಭೂತಗನ್ನಡಿ ಕೊಟ್ಟು ಪಾಕೀಟನ್ನೇ ಇನ್ನೊಮ್ಮೆ ಓದಿಸಿ. ಕಾರಣ ಯಾವುದು ಎಂದು ಗೊತ್ತಾಗದೆ ಪರಿಹಾರ ಹೇಳಲು ಬರುವುದಿಲ್ಲ.

ಪ್ರಶ್ನೆಯ ಬದಲು ಕೆಲಸ ಕೊಡಿ

ಈ ಇಡೀ ಕ್ರಮದ ತಿರುಳು ಇದು. ನಿಮಗೆ ಲೇಬಲ್ ಅರ್ಥವಾಗುತ್ತದೆಯೇ ಎಂದು ಕೇಳಿದಾಗ ಸಿಗುವ ಉತ್ತರವು ಆ ವ್ಯಕ್ತಿಯ ಆತ್ಮವಿಶ್ವಾಸವನ್ನು ತಿಳಿಸುತ್ತದೆ, ತಿಳಿವಳಿಕೆಯನ್ನು ತಿಳಿಸುವುದಿಲ್ಲ. ಆ ಪ್ರಶ್ನೆಯನ್ನು ಕೇಳಬೇಡಿ ಎಂದಲ್ಲ. ಮೊದಲು ಕೇಳಿ ಬರೆದಿಟ್ಟುಕೊಂಡು, ಆಮೇಲೆ ಪಾಕೀಟು ಕೈಗೆ ಕೊಟ್ಟು ಕೆಲಸ ಹೇಳಬೇಕು. ಮಾತು ಮನೆಯ ಮಾತಿನಲ್ಲೇ ಇರಲಿ: "ಅಕ್ಕಾರ, ಈ ಎರಡು ಪಾಕೀಟಿನ್ಯಾಗ ಯಾವುದ್ರಾಗ ಉಪ್ಪು ಜಾಸ್ತಿ ಐತ್ರಿ? ಹೆಂಗ ಗೊತ್ತಾತು, ಸ್ವಲ್ಪ ತೋರಸ್ರಿ." ಎರಡನೆಯ ವಾಕ್ಯವನ್ನು ಎಂದೂ ಬಿಡಬೇಡಿ. ಎರಡರಲ್ಲಿ ಒಂದನ್ನು ಊಹಿಸಿ ಹೇಳಿದವರಿಗೂ ಅರ್ಧದಷ್ಟು ಸಲ ಸರಿ ಉತ್ತರ ಬಂದೇ ಬರುತ್ತದೆ. ಬೆರಳು ಎಲ್ಲಿಗೆ ಹೋಯಿತು ಎಂಬುದೇ ನಿಜವಾದ ಉತ್ತರ.

ಮೊದಲ ಕೆಲಸ ಹುಡುಕುವುದು: ಸಕ್ಕರೆ ಎಲ್ಲಿದೆ, ಸೋಡಿಯಂ ಎಲ್ಲಿದೆ ಎಂದು ತೋರಿಸುವುದು. ಎರಡನೆಯದು ಓದುವುದು: ಅಂಕಿಯನ್ನೂ ಅದರ ಅಳತೆಯನ್ನೂ ಹೇಳುವುದು. ಗ್ರಾಮನ್ನೂ ಮಿಲಿಗ್ರಾಮನ್ನೂ ಒಂದೇ ಎಂದು ತಿಳಿದು, 800 ಮಿಲಿಗ್ರಾಂ ಸೋಡಿಯಂ 35 ಗ್ರಾಂ ಕೊಬ್ಬಿಗಿಂತ ಬಹಳ ಹೆಚ್ಚೆಂದು ಹೇಳುವವರು ಸಿಗಬಹುದು. ಮೂರನೆಯದು ಲೆಕ್ಕ, ಅಲ್ಲಿಯೇ ನಿಜವಾದ ಕಷ್ಟ. ಉದಾಹರಣೆಗಾಗಿ 150 ಗ್ರಾಮಿನ ಒಂದು ಚೂಡಾ ಪಾಕೀಟನ್ನು ಕಲ್ಪಿಸಿಕೊಳ್ಳಿ. ಅದರ ಹಿಂದೆ 100 ಗ್ರಾಮಿಗೆ ಸೋಡಿಯಂ 800 ಮಿಲಿಗ್ರಾಂ, ಸ್ಯಾಚುರೇಟೆಡ್ ಕೊಬ್ಬು 14 ಗ್ರಾಂ ಎಂದೂ, ಸರ್ವಿಂಗ್ 30 ಗ್ರಾಂ ಎಂದೂ ಇದೆ. ಒಂದು ಸರ್ವಿಂಗಿನಲ್ಲಿ ಸೋಡಿಯಂ 240 ಮಿಲಿಗ್ರಾಂ, ಅಂದರೆ ದಿನದ ಅಳತೆಯಲ್ಲಿ ಶೇಕಡಾ 12. ಸ್ಯಾಚುರೇಟೆಡ್ ಕೊಬ್ಬು 4.2 ಗ್ರಾಂ, ಅಂದರೆ ಶೇಕಡಾ 19. ಇಬ್ಬರು ಚಹಾದ ಜೊತೆ ಆ ಪಾಕೀಟನ್ನು ಮುಗಿಸಿದರೆ ತಲಾ 75 ಗ್ರಾಂ ಹೊಟ್ಟೆಗೆ ಹೋಗುತ್ತದೆ, ಸೋಡಿಯಂ 600 ಮಿಲಿಗ್ರಾಂ ಆಗುತ್ತದೆ, ಅಂದರೆ ಒಂದೂವರೆ ಗ್ರಾಂ ಉಪ್ಪು. ಒಬ್ಬರೇ ಮುಗಿಸಿದರೆ ಉಪ್ಪು 3 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 21 ಗ್ರಾಂ, ಅದು ದಿನದ ಅಳತೆಯ ಶೇಕಡಾ 95. ಪಾಕೀಟಿನ ಮೇಲೆ ಕಾಣುವುದು ಮಾತ್ರ 12 ಮತ್ತು 19 ಎಂಬ ಅಂಕಿಗಳು. ಈ ಚೂಡಾದಲ್ಲಿ ಎಷ್ಟನ್ನು ನೀವು ಒಂದು ಸಲಕ್ಕೆ ತಿನ್ನುತ್ತೀರಿ ಎಂದು ಕೇಳಿ, ಒಂದು ತಾಟಿನಲ್ಲಿ ಹಾಕಿ ತೋರಿಸಲು ಹೇಳಿ. ಸಾಧ್ಯವಿದ್ದರೆ ತೂಕ ಮಾಡಿ. ತಾಟಿನ ತೂಕವನ್ನೂ ಪಾಕೀಟಿನ ಸರ್ವಿಂಗ್ ಅಳತೆಯನ್ನೂ ಪಕ್ಕಪಕ್ಕದಲ್ಲಿ ಬರೆದ ಸಾಲುಗಳು ನಿಮ್ಮ ನೋಟುಪುಸ್ತಕದ ಅತ್ಯಂತ ಬೆಲೆಬಾಳುವ ಸಾಲುಗಳಾಗುತ್ತವೆ.

ನಾಲ್ಕನೆಯದು ಹೋಲಿಕೆ. ಪಾಕೀಟು ಅ ಎಂಬುದರಲ್ಲಿ ಸರ್ವಿಂಗ್ 30 ಗ್ರಾಂ, ಸೋಡಿಯಂ ಶೇಕಡಾ 12. ಪಾಕೀಟು ಬ ಎಂಬುದರಲ್ಲಿ ಸರ್ವಿಂಗ್ 15 ಗ್ರಾಂ, ಸೋಡಿಯಂ ಶೇಕಡಾ 8 ಎಂದಿದೆ ಎಂದುಕೊಳ್ಳಿ. ಎಂಟು ಹನ್ನೆರಡಕ್ಕಿಂತ ಕಡಿಮೆ, ಹಾಗಾಗಿ ಬ ಒಳ್ಳೆಯದು ಎಂಬ ಉತ್ತರ ಓದು ಬಲ್ಲವರಿಂದಲೂ ಬರುತ್ತದೆ. 100 ಗ್ರಾಮಿನ ಲೆಕ್ಕಕ್ಕೆ ತಂದಾಗ ಅ ಪಾಕೀಟಿನಲ್ಲಿ 800 ಮಿಲಿಗ್ರಾಂ, ಬ ಪಾಕೀಟಿನಲ್ಲಿ ಸುಮಾರು 1,070 ಮಿಲಿಗ್ರಾಂ ಸೋಡಿಯಂ ಇರುವುದು ತಿಳಿಯುತ್ತದೆ. ಎರಡು ಪಾಕೀಟುಗಳನ್ನು ಹೋಲಿಸುವಾಗ 100 ಗ್ರಾಮಿನ ಸಾಲನ್ನೇ ನೋಡಬೇಕು, ತಾನು ಎಷ್ಟು ತಿಂದೆ ಎಂದು ತಿಳಿಯುವಾಗ ಮಾತ್ರ ಸರ್ವಿಂಗಿನ ಸಾಲನ್ನು ನೋಡಬೇಕು ಎಂಬ ಭೇದ ಎಷ್ಟು ಜನರಿಗೆ ಗೊತ್ತಿದೆ ಎಂಬುದನ್ನು ಈ ಕೆಲಸ ಹೊರಹಾಕುತ್ತದೆ.

ಐದನೆಯದು ಮುಂಬದಿಯ ಮಾತುಗಳನ್ನು ಕುರಿತದ್ದು. ಅಡಿಗೆ ಎಣ್ಣೆಯ ಪಾಕೀಟಿನ ಮೇಲೆ ಕೊಲೆಸ್ಟ್ರಾಲ್ ಇಲ್ಲ ಎಂದಿದ್ದರೆ ಅದರಿಂದ ಏನು ತಿಳಿಯುತ್ತದೆ ಎಂದು ಕೇಳಿ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಜನ್ಯ ಆಹಾರದಲ್ಲಿ. ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ, ತಾಳೆ ಎಣ್ಣೆ ಯಾವುದರಲ್ಲೂ ಅದು ಹೇಳಿಕೊಳ್ಳುವಷ್ಟು ಇರುವುದಿಲ್ಲ. ಆದರೆ ತಾಳೆ ಎಣ್ಣೆಯ ಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬೇ ಆಗಿರುವುದರಿಂದ, ಅದರಲ್ಲಿ ಕರಿದ ತಿಂಡಿಯ ಮುಂಬದಿಯ ಮಾತು ನಿಜವಾಗಿದ್ದೂ ಹಿಂಬದಿಯ ಅಂಕಿ ಹೃದಯಕ್ಕೆ ಹಿತವಲ್ಲದ್ದಾಗಿರಬಹುದು. ಸಕ್ಕರೆ ರಹಿತ ಎಂದು ಬರೆಯಲು 100 ಗ್ರಾಮಿಗೆ ಅರ್ಧ ಗ್ರಾಮಿಗಿಂತ ಹೆಚ್ಚು ಸಕ್ಕರೆ ಇರಬಾರದು ಎಂಬುದು 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮ. ಸಕ್ಕರೆ ಸೇರಿಸಿಲ್ಲ ಎಂಬ ಮಾತು ಬೇರೆಯೇ. ಹಣ್ಣಿನ ಸ್ವಂತ ಸಕ್ಕರೆ ಅಲ್ಲಿ ಬೇಕಾದಷ್ಟು ಇರಬಹುದು. 100 ಮಿಲಿಲೀಟರಿಗೆ 13 ಗ್ರಾಂ ಸಕ್ಕರೆ ಇರುವ 200 ಮಿಲಿಲೀಟರಿನ ಪಾನೀಯ ಕುಡಿದ ಮಗು ಐದು ಚಮಚ ಸಕ್ಕರೆ ತಿಂದಂತೆ ಎಂಬ ಲೆಕ್ಕವನ್ನು ತಾಯಿಯ ಮುಂದೆ ಚಮಚದಿಂದಲೇ ಅಳೆದು ತೋರಿಸಿ. ಆದರೆ ಇದನ್ನು ಎಲ್ಲ ಉತ್ತರಗಳನ್ನು ಬರೆದುಕೊಂಡ ಮೇಲೆಯೇ ಮಾಡಬೇಕು. ಪರಿಶೀಲನೆಯ ನಡುವೆ ಕಲಿಸಲು ತೊಡಗಿದರೆ ಮುಂದಿನ ಉತ್ತರಗಳು ನಿಮ್ಮವೇ ಆಗಿಬಿಡುತ್ತವೆ.

ಹಸಿರು ಗುರುತು ಕಲಿಸುವ ಪಾಠ

ಹಸಿರು ಚೌಕದೊಳಗಿನ ಹಸಿರು ಚುಕ್ಕೆಯ ಅರ್ಥವೇನೆಂದು ಎಲ್ಲರನ್ನೂ ಕೇಳಿ. ಅದು ಸಸ್ಯಾಹಾರ ಎಂಬುದಕ್ಕಷ್ಟೇ ಗುರುತು, ಆರೋಗ್ಯಕ್ಕೆ ಒಳ್ಳೆಯದು ಎಂಬುದಕ್ಕಲ್ಲ. ಎರಡನ್ನೂ ಒಂದೇ ಎಂದು ತಿಳಿದವರು ಎಷ್ಟು ಮಂದಿ ಎಂಬುದನ್ನು ಬರೆದುಕೊಳ್ಳಿ. ಹಾಗೆಯೇ ಪ್ರಾಧಿಕಾರದ ಲಾಂಛನವನ್ನೂ 14 ಅಂಕಿಯ ಪರವಾನಗಿ ಸಂಖ್ಯೆಯನ್ನೂ ಪೌಷ್ಟಿಕತೆಯ ಭರವಸೆ ಎಂದು ತಿಳಿಯುವವರೂ ಇರಬಹುದು.

ಆದರೂ ಈ ಚುಕ್ಕೆಯಿಂದ ಕಲಿಯಬೇಕಾದ್ದು ಬಹಳವಿದೆ. ನಮ್ಮ ಭಾಗದ ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳಲ್ಲಿ ಓದು ಬಾರದ ಅಜ್ಜಿಯೂ ಬಿಸ್ಕೀಟಿನ ಪಾಕೀಟನ್ನು ತಿರುಗಿಸಿ ಆ ಚುಕ್ಕೆಯನ್ನು ಹುಡುಕುವುದುಂಟು. ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಪಾಕೀಟುಗಳ ಮೇಲಿರುವ ಈ ಗುರುತನ್ನು ಜನ ಒಪ್ಪಿಕೊಂಡದ್ದು ಅದು ಸರಳವಾಗಿದೆ ಎಂಬ ಕಾರಣಕ್ಕೆ ಮಾತ್ರವಲ್ಲ. ಆ ಮನೆಗಳು ಮೊದಲಿನಿಂದಲೂ ಕೇಳುತ್ತಿದ್ದ ಪ್ರಶ್ನೆಗೆ ಅದು ನೇರ ಉತ್ತರ ಕೊಟ್ಟಿತು. ಪೌಷ್ಟಿಕಾಂಶ ಪಟ್ಟಿಗೂ ಇದೇ ಮಾತು ಸಲ್ಲುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯಲ್ಲಿ ಯಾರಿಗಾದರೂ ಬಿಪಿ ಇದ್ದರೆ ಸೋಡಿಯಂ ಸಾಲಿಗೆ, ಶುಗರ್ ಇದ್ದರೆ ಸಕ್ಕರೆಯ ಸಾಲಿಗೆ ಕಣ್ಣು ಹೋಗಲು ಕಾರಣ ಇರುತ್ತದೆ. ಪ್ರಶ್ನೆಯೇ ಇಲ್ಲದ ಮನೆಗೆ ಹತ್ತು ಸಾಲುಗಳ ಉತ್ತರ ಕೊಟ್ಟರೆ ಯಾರೂ ಓದುವುದಿಲ್ಲ. ಅದಕ್ಕಾಗಿ ಪ್ರತಿ ಮನೆಯಲ್ಲಿ, ತಿಂಡಿ ಕೊಳ್ಳುವಾಗ ನಿಮಗೆ ಏನು ತಿಳಿಯಬೇಕೆನಿಸುತ್ತದೆ ಎಂಬ ತೆರೆದ ಪ್ರಶ್ನೆಯನ್ನು ಪಾಕೀಟು ತೋರಿಸುವ ಮುನ್ನವೇ ಕೇಳಿ, ಉತ್ತರವನ್ನು ಅವರ ಮಾತಿನಲ್ಲಿಯೇ ಬರೆಯಿರಿ.

ಒಪ್ಪಿಗೆಯನ್ನು ತಿಳಿವಳಿಕೆಯೊಂದಿಗೆ ಬೆರೆಸಬೇಡಿ

ಪಟ್ಟಿ ಅರ್ಥವಾದವರೆಲ್ಲ ಅದನ್ನು ಒಪ್ಪುತ್ತಾರೆ ಎಂದಿಲ್ಲ, ಒಪ್ಪಿದವರೆಲ್ಲ ಅರ್ಥ ಮಾಡಿಕೊಂಡಿದ್ದಾರೆ ಎಂದೂ ಇಲ್ಲ. ಕಂಪನಿಯವರು ತಾವೇ ಬರೆದದ್ದನ್ನು ಹೇಗೆ ನಂಬುವುದು ಎನ್ನುವವರು ಅರ್ಥವಾಗಿಯೂ ಪಟ್ಟಿಯನ್ನು ಬದಿಗಿಡುತ್ತಾರೆ. ಗೊತ್ತಿದೆ, ಆದರೆ ಹುಡುಗರು ಅದನ್ನೇ ಬೇಡುತ್ತಾರೆ ಎನ್ನುವವರು ಬೇರೆ. ಕಡಿಮೆ ಉಪ್ಪಿನದಕ್ಕೆ ಬೆಲೆ ಹೆಚ್ಚು ಎನ್ನುವವರು ಬೇರೆ. ಈ ಮೂರೂ ಉತ್ತರಗಳನ್ನು ಒಪ್ಪಿಗೆ ಇಲ್ಲ ಎಂಬ ಒಂದೇ ಖಾನೆಗೆ ತುಂಬಿದರೆ ಪರಿಶೀಲನೆಯ ಅರ್ಧ ಫಲ ಹೋದಂತೆ. ನಂಬಿಕೆ, ಉಪಯೋಗ, ಬದಲಾಯಿಸುವ ಮನಸ್ಸು ಎಂಬ ಮೂರು ಖಾನೆಗಳನ್ನು ಬೇರೆಯಾಗಿಡಿ.

ಪಾಕೀಟಿನ ಮುಂಬದಿಯಲ್ಲಿ ಯಾವ ಗುರುತು ಇರಬೇಕೆಂಬ ಚರ್ಚೆ ದೇಶದಲ್ಲಿ ಕೆಲವು ವರ್ಷಗಳಿಂದ ನಡೆದಿದೆ. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯಿಂದ 20,000ಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿಸಿದ ಪ್ರಾಧಿಕಾರವು 2022ರ ಸೆಪ್ಟೆಂಬರಿನಲ್ಲಿ ಅರ್ಧ ನಕ್ಷತ್ರದಿಂದ ಐದು ನಕ್ಷತ್ರದವರೆಗಿನ ಶ್ರೇಣಿಯ ಕರಡನ್ನು ಹೊರತಂದಿತು. ನಕ್ಷತ್ರವು ಕೆಟ್ಟದ್ದನ್ನೂ ಒಳ್ಳೆಯದರಂತೆ ತೋರಿಸುತ್ತದೆ, ನೇರ ಎಚ್ಚರಿಕೆಯೇ ಬೇಕು ಎಂದು ಸಾರ್ವಜನಿಕ ಆರೋಗ್ಯದ ಕ್ಷೇತ್ರದ ಹಲವರು ವಿರೋಧಿಸಿದರು. 2024ರ ಜುಲೈನಲ್ಲಿ ಸಕ್ಕರೆ, ಉಪ್ಪು, ಸ್ಯಾಚುರೇಟೆಡ್ ಕೊಬ್ಬುಗಳ ಅಂಕಿಗಳನ್ನು ದಪ್ಪ ಹಾಗೂ ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವ ಪ್ರಸ್ತಾವಕ್ಕೆ ಪ್ರಾಧಿಕಾರ ಒಪ್ಪಿತು. ಹೊರದೇಶಗಳಲ್ಲಿ ಚಿಲಿ 2016ರಿಂದ ಕಪ್ಪು ಅಷ್ಟಕೋನದ ಎಚ್ಚರಿಕೆ ಗುರುತನ್ನು ಕಡ್ಡಾಯ ಮಾಡಿದೆ. ಆಸ್ಟ್ರೇಲಿಯಾ 2014ರಿಂದ ನಕ್ಷತ್ರಗಳನ್ನು, ಬ್ರಿಟನ್ ಕೆಂಪು-ಹಳದಿ-ಹಸಿರು ಬಣ್ಣಗಳನ್ನು ಬಳಸುತ್ತಿವೆ.

ನಿಮ್ಮ ಓಣಿಯಲ್ಲಿಯೂ ಇದನ್ನು ಪರೀಕ್ಷಿಸಬಹುದು. ಒಂದೇ ಕಾಲ್ಪನಿಕ ಪಾಕೀಟಿನ ಚಿತ್ರವನ್ನು ನಾಲ್ಕು ಬಗೆಯಲ್ಲಿ ಬರೆಯಿಸಿ: ನಕ್ಷತ್ರವಿರುವುದು, ಮೂರು ಬಣ್ಣವಿರುವುದು, ಕಪ್ಪು ಎಚ್ಚರಿಕೆ ಇರುವುದು, ಏನೂ ಇಲ್ಲದ್ದು. ಒಂದು ಮನೆಗೆ ಒಂದೇ ಬಗೆಯನ್ನು ತೋರಿಸಿ, ಪ್ರತಿ ಬಗೆಗೂ ಹತ್ತರಿಂದ ಹದಿನೈದು ಮನೆಗಳಿರಲಿ, ಯಾವ ಮನೆಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಒಬ್ಬರಿಗೇ ನಾಲ್ಕನ್ನೂ ತೋರಿಸಿದರೆ ಮೊದಲನೆಯದರಿಂದ ಕಲಿತದ್ದು ಎರಡನೆಯದರ ಉತ್ತರವನ್ನು ಸುಧಾರಿಸಿಬಿಡುತ್ತದೆ. ಇದನ್ನು ಮಗುವಿಗೆ ದಿನಾಲೂ ಕೊಡಬಹುದೇ ಎಂಬ ಪ್ರಶ್ನೆಯನ್ನು ಮೊದಲು, ಈ ಗುರುತು ನಿಮಗೆ ಹಿಡಿಸಿತೇ ಎಂಬ ಪ್ರಶ್ನೆಯನ್ನು ಆಮೇಲೆ ಕೇಳಿ. ಹಿಡಿಸಿದ ಗುರುತೇ ಸರಿಯಾದ ತೀರ್ಮಾನಕ್ಕೆ ಒಯ್ಯುತ್ತದೆ ಎಂದೇನೂ ಇಲ್ಲ. ಕಪ್ಪು ಎಚ್ಚರಿಕೆ ಕಣ್ಣಿಗೆ ಚೆಂದವಲ್ಲದಿದ್ದರೂ ಕೈಯನ್ನು ತಡೆಯಬಹುದು.

ಎಣಿಕೆ ಮತ್ತು ಮುಂದಿನ ಕೆಲಸ

ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಕೊಡಬೇಡಿ. ಓದುತ್ತೇನೆ ಎಂದವರು, ಜಾಗ ತೋರಿಸಿದವರು, ಅಂಕಿ ಓದಿದವರು, ಲೆಕ್ಕ ಮಾಡಿದವರು, ಸರಿಯಾಗಿ ಹೋಲಿಸಿದವರು ಎಂದು ಐದು ಸಾಲುಗಳಲ್ಲಿ ಬೇರೆ ಬೇರೆಯಾಗಿ ಎಣಿಸಿದರೆ ಜನ ಯಾವ ಮೆಟ್ಟಿಲಿನಲ್ಲಿ ನಿಂತುಬಿಡುತ್ತಾರೆ ಎಂಬುದು ಕಾಣುತ್ತದೆ. ನಲವತ್ತು ಮನೆಗಳ ಫಲಿತಾಂಶವನ್ನು ಗದಗ ಜಿಲ್ಲೆಯ ಗ್ರಾಹಕರು ಹೀಗೆ ಎಂದು ಹೇಳಲು ಬಳಸಬಾರದು. ನಮ್ಮ ಓಣಿಯ ನಲವತ್ತು ಮನೆಗಳಲ್ಲಿ ಇಷ್ಟು ಎಂದು ಬರೆಯುವುದೇ ಪ್ರಾಮಾಣಿಕತೆ. ಪ್ರಶ್ನಾವಳಿ ಸಿದ್ಧವಾದಾಗ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಮಹಾವಿದ್ಯಾಲಯದಂಥ ಕಡೆ ಆಹಾರ ಮತ್ತು ಪೋಷಣೆ ಕಲಿಸುವ ಅಧ್ಯಾಪಕರಿಗೆ ಒಮ್ಮೆ ತೋರಿಸಿದರೆ ಲೆಕ್ಕದ ತಪ್ಪುಗಳು ಮೊದಲೇ ಸಿಗುತ್ತವೆ.

ಫಲಿತಾಂಶವನ್ನು ಅದೇ ಓಣಿಗೆ ಮರಳಿಸುವುದು ನಿಮ್ಮ ಕರ್ತವ್ಯ. ಹೆಚ್ಚಿನವರು ಜಾಗ ಹುಡುಕುವಲ್ಲಿಯೇ ಸೋತಿದ್ದರೆ ಸಂಘದ ಸಭೆಯಲ್ಲಿ ಬರೀ ಹುಡುಕುವುದನ್ನು ಕಲಿಸಿ. ಹೋಲಿಕೆಯಲ್ಲಿ ಸೋತಿದ್ದರೆ 100 ಗ್ರಾಮಿನ ಸಾಲು ಎಂಬ ಒಂದೇ ಮಾತನ್ನು ಕಲಿಸಿ. ಅಕ್ಷರವೇ ಕಾಣದಿದ್ದರೆ ಕಿರಾಣಿ ಅಂಗಡಿಯವರನ್ನು ಒಪ್ಪಿಸಿ, ಗಲ್ಲೆಯ ಬಳಿ ದಾರ ಕಟ್ಟಿದ ಭೂತಗನ್ನಡಿಯೊಂದನ್ನು ತೂಗಿಬಿಡಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಪೊಟ್ಟಣ ಕಟ್ಟಿ ಮಾರುವ ಸಂಘಗಳು ತಮ್ಮ ಲೇಬಲ್ಲಿನಲ್ಲಿ ಕಡ್ಡಾಯ ವಿವರಗಳ ಜೊತೆಗೆ ಕನ್ನಡದಲ್ಲಿಯೂ ದೊಡ್ಡ ಅಕ್ಷರದ ಪಟ್ಟಿಯನ್ನು ಮುದ್ರಿಸಬಹುದು. ಅದಕ್ಕೆ ಕಾನೂನಿನ ಅಡ್ಡಿಯಿಲ್ಲ, ಮತ್ತು ದೊಡ್ಡ ಕಂಪನಿಗಳಿಗಿಂತ ಮೊದಲು ಅದನ್ನು ಮಾಡಿ ತೋರಿಸಲು ನಮ್ಮ ಹೆಣ್ಣುಮಕ್ಕಳಿಗೆ ಸಾಧ್ಯವಿದೆ. ದಿನಾಂಕ, ಪರವಾನಗಿ ಸಂಖ್ಯೆ ಇಲ್ಲದ ಅಥವಾ ಸುಳ್ಳು ಹೇಳಿಕೆಯ ಪಾಕೀಟು ಸಿಕ್ಕರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಪಾಕೀಟಿನ ಸಮೇತ ದೂರು ಕೊಡಿ. ಪ್ರಾಧಿಕಾರವು ಹೊಸ ನಿಯಮದ ಕರಡು ಹೊರಡಿಸಿದಾಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಆಗ ನಿಮ್ಮ ಐದು ಸಾಲಿನ ಎಣಿಕೆಯನ್ನು, ಎಷ್ಟು ಮನೆ, ಯಾವ ಓಣಿ, ಯಾವ ರೀತಿ ಆರಿಸಿದ್ದು ಎಂಬ ವಿವರದೊಂದಿಗೆ ಕಳುಹಿಸಿ.

ಎರಡು ತಿಂಗಳು ಕಳೆದ ಮೇಲೆ ಅದೇ ಮನೆಗಳಿಗೆ ಮತ್ತೆ ಹೋಗಿ. ಮೊದಲ ಸಲದ ಪಾಕೀಟುಗಳನ್ನು ಒಯ್ಯಬೇಡಿ, ಏಕೆಂದರೆ ಅವುಗಳ ಉತ್ತರ ನೆನಪಿನಲ್ಲಿ ಉಳಿದಿರಬಹುದು. ಹೊಸ ಪಾಕೀಟು, ಅದೇ ಐದು ಕೆಲಸ. ಜೊತೆಗೆ ಆ ವಾರ ಮನೆಗೆ ತಂದ ತಿಂಡಿಗಳ ಪಟ್ಟಿಯನ್ನು ಮತ್ತೊಮ್ಮೆ ಬರೆದುಕೊಂಡು ಹಿಂದಿನದರ ಪಕ್ಕದಲ್ಲಿಡಿ.